ಮರುಭೂಮಿಯಲ್ಲಿ ಒಂದು ವಾರದ ಒಡೆತನ

ಮನೆ ಕೊಳ್ಳಬಹುದು, ನಿವೇಶನ ಕೊಳ್ಳಬಹುದು. ಫೆಬ್ರವರಿ ತಿಂಗಳ ಎರಡನೆಯ ವಾರವನ್ನು ಕೊಳ್ಳಬಹುದೇ? ಧಾರಾಳವಾಗಿ ಕೊಳ್ಳಬಹುದು ಎನ್ನುತ್ತಾರೆ ಟೈಮ್‌ಶೇರ್ ಮಾರುವವರು. ಅಮೆರಿಕದ ನೈಋತ್ಯ ಭಾಗದ ಮರುಭೂಮಿ ಪಟ್ಟಣಗಳಲ್ಲಿ ಈ ವ್ಯಾಪಾರ ದಶಕಗಳಿಂದ ನಡೆದುಬಂದಿದೆ. ಅಲ್ಲಿ ಯಾವ ವಾರ ಕೊಂಡಿರಿ ಎಂಬುದರ ಮೇಲೆ ಇಡೀ ವ್ಯವಹಾರದ ಲಾಭ ನಷ್ಟ ನಿಂತಿದೆ.

ಕ್ಯಾಲಿಫೋರ್ನಿಯಾದ ಪಾಮ್ ಸ್ಪ್ರಿಂಗ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. ಲಾಸ್ ಏಂಜಲೀಸ್‌ನಿಂದ ಪೂರ್ವಕ್ಕೆ ಸುಮಾರು 170 ಕಿ.ಮೀ. ದೂರದ ಕೋಚೆಲ್ಲಾ ಕಣಿವೆಯಲ್ಲಿರುವ ಊರು ಇದು. ಊರಿನ ಬೆನ್ನಿಗೇ 10,834 ಅಡಿ ಎತ್ತರದ ಸಾನ್ ಜಸಿಂಟೊ ಶಿಖರ. ಸಾಗರದ ಕಡೆಯಿಂದ ಬರುವ ಮೋಡಗಳನ್ನು ಪರ್ವತಸಾಲು ತಡೆದುಬಿಡುವುದರಿಂದ ಕಣಿವೆಗೆ ದಕ್ಕುವ ಮಳೆ ವರ್ಷಕ್ಕೆ ಸುಮಾರು 5 ಅಂಗುಲ ಮಾತ್ರ. 1963ರಲ್ಲಿ ಆರಂಭವಾದ ರೋಪ್‌ವೇ ಪ್ರವಾಸಿಗರನ್ನು 2,643 ಅಡಿಯಿಂದ 8,516 ಅಡಿಗೆ ಹತ್ತು ನಿಮಿಷಗಳಲ್ಲಿ ಕೊಂಡೊಯ್ಯುತ್ತದೆ. ಚಳಿಗಾಲದಲ್ಲಿ ಕೆಳಗೆ ಈಜುಕೊಳ, ಮೇಲೆ ಹಿಮ. ಬೆಳಗ್ಗೆ ಒಂದು, ಮಧ್ಯಾಹ್ನ ಇನ್ನೊಂದು ಎಂಬಂತೆ ಎರಡನ್ನೂ ಒಂದೇ ದಿನ ಅನುಭವಿಸಬಹುದು. ಕಣಿವೆಯಲ್ಲಿ ನೂರಕ್ಕೂ ಹೆಚ್ಚು ಗಾಲ್ಫ್ ಮೈದಾನಗಳಿವೆ. ಮರುಭೂಮಿಯ ನಡುವೆ ಅಷ್ಟು ಹಸಿರು ಹುಲ್ಲು ಹೇಗೆ ಎಂದು ಕೇಳಿದರೆ ಉತ್ತರ ಅಂತರ್ಜಲದಲ್ಲಿದೆ, ಕಾಲುವೆಯಲ್ಲಿ ಹರಿದುಬರುವ ಕೊಲೊರಾಡೊ ನದಿಯ ನೀರಿನಲ್ಲಿದೆ.

ಜನವರಿಯಿಂದ ಏಪ್ರಿಲ್‌ವರೆಗೆ ಇಲ್ಲಿ ಸುಗ್ಗಿ. ಹಗಲಿನಲ್ಲಿ ಹಿತವಾದ ಬಿಸಿಲು, ರಾತ್ರಿ ತೆಳು ಚಳಿ. ಮಾರ್ಚ್‌ನಲ್ಲಿ ನೆರೆಯ ಇಂಡಿಯನ್ ವೆಲ್ಸ್‌ನಲ್ಲಿ ಟೆನಿಸ್ ಟೂರ್ನಿ ನಡೆಯುತ್ತದೆ. ಕೊಡಗಿನ ರೋಹನ್ ಬೋಪಣ್ಣ 2023ರಲ್ಲಿ, ತಮ್ಮ 43ನೆಯ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆಗೂಡಿ ಡಬಲ್ಸ್ ಪ್ರಶಸ್ತಿ ಗೆದ್ದದ್ದು ಇಲ್ಲಿಯೇ. ಏಪ್ರಿಲ್‌ನಲ್ಲಿ ಇಂಡಿಯೊ ಪಟ್ಟಣದ ಕೋಚೆಲ್ಲಾ ಸಂಗೀತೋತ್ಸವ. ಆಗ ಹೋಟೆಲ್ ಕೋಣೆಯ ಬಾಡಿಗೆ ಕೇಳಿದವರು ಟೈಮ್‌ಶೇರ್ ಇದ್ದವರೇ ಭಾಗ್ಯವಂತರು ಎಂದುಕೊಳ್ಳುತ್ತಾರೆ.

ಜುಲೈ ಬಂತೆಂದರೆ ಚಿತ್ರವೇ ಬೇರೆ. ಸರಾಸರಿ ಗರಿಷ್ಠ ತಾಪಮಾನವೇ 42 ಡಿಗ್ರಿ ಸೆಲ್ಸಿಯಸ್. 2024ರ ಜುಲೈ 5ರಂದು ಪಾರೆ 51 ಡಿಗ್ರಿ ದಾಟಿ ಊರಿನ ಹಳೆಯ ದಾಖಲೆಯನ್ನು ಮುರಿಯಿತು. ಬೆಳಗಿನ ಹೊತ್ತು ಬಿಟ್ಟರೆ ಹೊರಗೆ ಕಾಲಿಡುವಂತಿಲ್ಲ. ಹೋಟೆಲ್‌ಗಳು ದರ ಇಳಿಸಿ ಗಿರಾಕಿಗಳನ್ನು ಕರೆಯುತ್ತವೆ.

ಟೈಮ್‌ಶೇರ್ ಕಲ್ಪನೆ ಹುಟ್ಟಿದ್ದು 1960ರ ದಶಕದ ಯೂರೋಪಿನಲ್ಲಿ. ರಜಾಮನೆಯೊಂದನ್ನು ಒಬ್ಬನೇ ಕೊಂಡು ವರ್ಷದಲ್ಲಿ 50 ವಾರ ಬೀಗ ಹಾಕುವುದಕ್ಕಿಂತ ಹಲವರು ಸೇರಿ ವಾರದಂತೆ ಹಂಚಿಕೊಳ್ಳುವುದು ಜಾಣತನವೆಂಬ ಲೆಕ್ಕ ಅದು. ಲೆಕ್ಕವೇನೋ ಸರಿ. ಆದರೆ ಕಂಪನಿಯ ಕಡೆಯಿಂದಲೂ ಒಮ್ಮೆ ಗುಣಿಸಿ ನೋಡಬೇಕು. ವಾರಕ್ಕೆ 20,000 ಡಾಲರ್‌ನಂತೆ 50 ವಾರ ಮಾರಿದರೆ ಎರಡು ಕೋಣೆಗಳ ಒಂದು ವಸತಿಯಿಂದ 10 ಲಕ್ಷ ಡಾಲರ್ ಹುಟ್ಟುತ್ತದೆ. ಅದರಲ್ಲಿ ದೊಡ್ಡ ಪಾಲು ಉಚಿತ ಉಪಾಹಾರ, ಉಡುಗೊರೆ ಕೂಪನ್, ಮಾರಾಟಗಾರರ ಕಮಿಷನ್‌ಗೆ ಹೋಗುತ್ತದೆ. ಒಂದೂವರೆ ಗಂಟೆಯ ಮಾತುಕತೆ ಎಂದು ಕರೆದು ಮಧ್ಯಾಹ್ನದವರೆಗೆ ಕೂರಿಸುವ ಪದ್ಧತಿಯನ್ನು ಕಾಣದ ಅಮೆರಿಕನ್ ಪ್ರವಾಸಿ ವಿರಳ.

ಕೊಂಡ ಮೇಲೆ ನಿರ್ವಹಣಾ ಶುಲ್ಕ ಆರಂಭ. ಅಮೆರಿಕದಲ್ಲಿ ಇದು ಸರಾಸರಿ ವರ್ಷಕ್ಕೆ 1,000 ಡಾಲರ್‌ಗೂ ಹೆಚ್ಚು. ಹೋದರೂ ಕಟ್ಟಬೇಕು, ಹೋಗದಿದ್ದರೂ ಕಟ್ಟಬೇಕು. ವರ್ಷ ಕಳೆದಂತೆ ಏರುತ್ತಲೂ ಹೋಗುತ್ತದೆ. ಮರುಭೂಮಿಯ ವೈಚಿತ್ರ್ಯ ಇರುವುದು ಇಲ್ಲಿ. ವಾರದ ಲೆಕ್ಕದ ಒಪ್ಪಂದಗಳಲ್ಲಿ ಶುಲ್ಕ ಸಾಮಾನ್ಯವಾಗಿ ವಸತಿಯ ಗಾತ್ರವನ್ನು ಅವಲಂಬಿಸುತ್ತದೆ, ಋತುವನ್ನಲ್ಲ. ಫೆಬ್ರವರಿಯ ವಾರ ಇಟ್ಟುಕೊಂಡವನೂ ಜುಲೈ ವಾರ ಇಟ್ಟುಕೊಂಡವನೂ ಅದೇ ಛಾವಣಿ, ಅದೇ ಈಜುಕೊಳಕ್ಕಾಗಿ ಒಂದೇ ಮೊತ್ತ ತೆರುತ್ತಾರೆ. ಮೊದಲನೆಯವನಿಗೆ ಅದು ಹೋಟೆಲ್ ಬಾಡಿಗೆಗಿಂತ ಬಹಳ ಅಗ್ಗ. ಎರಡನೆಯವನು ಅದೇ ವಾರ ಎದುರಿನ ಹೋಟೆಲಿನಲ್ಲಿ ಕಡಿಮೆ ಹಣಕ್ಕೆ ತಂಗಬಹುದಿತ್ತು!

ಜುಲೈ ವಾರ ಬೇಡವಾದರೆ ವಿನಿಮಯ ಮಾಡಿಕೊಳ್ಳಿ ಎನ್ನುತ್ತಾರೆ ಮಾರುವವರು. 1974ರಲ್ಲಿ ಆರಂಭವಾದ ಆರ್‌ಸಿಐ, 1976ರ ಇಂಟರ್‌ವಲ್ ಇಂಟರ್‌ನ್ಯಾಷನಲ್ ಇರುವುದೇ ಇದಕ್ಕಾಗಿ. ನಿಮ್ಮ ವಾರವನ್ನು ಅಲ್ಲಿ ಠೇವಣಿ ಇಟ್ಟು ಬೇರೊಂದು ಊರಿನ ವಾರ ಪಡೆಯಬಹುದು. ಆದರೆ ಆರ್‌ಸಿಐ ಮೊದಲಿನಿಂದಲೂ ವಾರಗಳಿಗೆ ಕೆಂಪು, ಬಿಳಿ, ನೀಲಿ ಬಣ್ಣ ಬಳಿದು ಬೇಡಿಕೆಯನ್ನು ಅಳೆದ ಸಂಸ್ಥೆ. ಸುಡುಬಿಸಿಲಿನ ವಾರ ಕೊಟ್ಟು ಹವಾಯಿಯ ಕ್ರಿಸ್‌ಮಸ್ ವಾರ ಕೇಳಿದರೆ ಸಿಗುವ ಸಂಭವ ತೀರಾ ಕಡಿಮೆ. ಈಗ ಅನೇಕ ಕಂಪನಿಗಳು ವಾರದ ಬದಲು ಪಾಯಿಂಟ್ ಮಾರುತ್ತವೆ. ಹೆಸರು ಬದಲಾಯಿತೇ ಹೊರತು ತಕ್ಕಡಿ ಬದಲಾಗಿಲ್ಲ. ಫೆಬ್ರವರಿಗೆ ಹೆಚ್ಚು ಪಾಯಿಂಟ್, ಜುಲೈಗೆ ಕಡಿಮೆ.

ಎಲ್ಲ ಮರುಭೂಮಿಯೂ ಒಂದೇ ಅಲ್ಲ ಎಂಬುದನ್ನೂ ಹೇಳಬೇಕು. ಅರಿಜೋನಾದ ಸೆಡೋನಾ ಸುಮಾರು 4,350 ಅಡಿ ಎತ್ತರದಲ್ಲಿದೆ. ಕಬ್ಬಿಣದ ಆಕ್ಸೈಡ್‌ನಿಂದ ಕೆಂಪೇರಿದ ಮರಳುಗಲ್ಲಿನ ಬೆಟ್ಟಗಳು ಸಂಜೆ ಕೆಂಡದಂತೆ ಹೊಳೆಯುತ್ತವೆ. ಎತ್ತರದ ಕಾರಣ ಬೇಸಿಗೆ ಪಾಮ್ ಸ್ಪ್ರಿಂಗ್ಸ್‌ನಷ್ಟು ಕ್ರೂರವಲ್ಲ. 2020ರ ಜನಗಣತಿಯ ಪ್ರಕಾರ ಹತ್ತು ಸಾವಿರಕ್ಕಿಂತ ಕಡಿಮೆ ಜನರಿರುವ ಊರು. ಸುತ್ತಲೂ ಸರ್ಕಾರಿ ಅರಣ್ಯ. ಹೊಸದಾಗಿ ಕಟ್ಟಲು ಜಾಗ ಹೆಚ್ಚಿಲ್ಲದ್ದರಿಂದ ಇಲ್ಲಿನ ವಾರಗಳಿಗೆ ವರ್ಷದ ಬಹುಭಾಗ ಕೇಳುವವರಿದ್ದಾರೆ.

ಪಾಮ್ ಸ್ಪ್ರಿಂಗ್ಸ್‌ನಲ್ಲಿ ಇನ್ನೊಂದು ತೊಡಕಿದೆ. ಅಲ್ಲಿನ ಭೂಮಿ ಚದುರಂಗದ ಹಾಸಿನಂತೆ ಹಂಚಿಹೋಗಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬೆಸ ಸಂಖ್ಯೆಯ ಚೌಕಗಳು ರೈಲ್ವೆ ಕಂಪನಿಗೆ, ಸಮ ಸಂಖ್ಯೆಯವು ಮೂಲನಿವಾಸಿ ಅಗ್ವಾ ಕಾಲಿಯೆಂಟೆ ಕಹುಯಿಯಾ ಬುಡಕಟ್ಟಿಗೆ ಸೇರಿದವು. 99 ವರ್ಷಗಳ ಗುತ್ತಿಗೆಗೆ 1959ರ ಕಾಯ್ದೆ ಅವಕಾಶ ಕೊಟ್ಟ ಮೇಲೆ ಬುಡಕಟ್ಟಿನ ನೆಲದಲ್ಲಿ ಮನೆ, ಹೋಟೆಲ್‌ಗಳು ಎದ್ದವು. ಗುತ್ತಿಗೆ ನೆಲದ ಮೇಲಿನ ಕಟ್ಟಡದಲ್ಲಿ ವಾರ ಕೊಂಡವನ ಹಕ್ಕು ಗುತ್ತಿಗೆಯನ್ನು ಮೀರಿ ಬದುಕಲಾರದು. ಪತ್ರದಲ್ಲಿ ಗುತ್ತಿಗೆ ಮುಗಿಯುವ ವರ್ಷ ನೋಡದೆ ಸಹಿ ಹಾಕಬಾರದು.

ಇನ್ನು ಬಿಡುಗಡೆಯ ಮಾತು. 20,000 ಡಾಲರ್‌ಗೆ ಕೊಂಡ ವಾರ ಮರುಮಾರಾಟದಲ್ಲಿ 1 ಡಾಲರ್‌ಗೆ ಹರಾಜಿಗೆ ಬರುವುದು ಅಪರೂಪವೇನಲ್ಲ. ಶುಲ್ಕದ ಹೊರೆ ಇಳಿದರೆ ಸಾಕು ಎನ್ನುವವರು ಅವರು. ಪ್ರತಿ ಚಳಿಗಾಲ ಅದೇ ಊರಿಗೆ ಹೋಗುವ ಕುಟುಂಬ ಒಳ್ಳೆಯ ವಾರವೊಂದನ್ನು ಇಂಥವರಿಂದ ಕೊಂಡರೆ ಅದು ನಿಜಕ್ಕೂ ಲಾಭದ ಬಾಬು. ಕಂಪನಿಯಿಂದಲೇ ಕೊಂಡು ಮನಸ್ಸು ಬದಲಿಸಿದವರಿಗೆ ಕಾನೂನು ಕೊಡುವ ಕಾಲಾವಕಾಶ ಕಿರಿದು: ನೆವಾಡಾದಲ್ಲಿ 5 ದಿನ, ಕ್ಯಾಲಿಫೋರ್ನಿಯಾದಲ್ಲಿ 7 ದಿನ. ರದ್ದತಿಯನ್ನು ಲಿಖಿತವಾಗಿಯೇ ತಿಳಿಸಬೇಕು.

ಭಾರತದಲ್ಲಿ ಈ ವ್ಯಾಪಾರ ಹೆಚ್ಚಾಗಿ ಕ್ಲಬ್ ಸದಸ್ಯತ್ವದ ರೂಪ ತಳೆದಿದೆ. ಮಡಿಕೇರಿಯಂತೆ ಜೈಸಲ್ಮೇರ್‌ನಲ್ಲಿಯೂ ರೆಸಾರ್ಟ್ ಹೊಂದಿರುವ ಕ್ಲಬ್ ಮಹೀಂದ್ರಾದ 25 ವರ್ಷಗಳ ಸದಸ್ಯತ್ವ ನೇರಳೆ, ಕೆಂಪು, ಬಿಳಿ, ನೀಲಿ ಎಂಬ ನಾಲ್ಕು ಋತುಬಣ್ಣಗಳಲ್ಲಿ ಮಾರಾಟವಾಗಿದೆ. ನೇರಳೆಗೆ ಬೇಡಿಕೆಯೂ ಬೆಲೆಯೂ ಅತಿ ಹೆಚ್ಚು, ನೀಲಿಗೆ ಅತಿ ಕಡಿಮೆ. ಥಾರ್ ಮರುಭೂಮಿಯ ಹಳದಿ ಕೋಟೆಯನ್ನು ಕಣ್ತುಂಬಿಕೊಳ್ಳುವ ಕಾಲ ನವೆಂಬರ್‌ನಿಂದ ಫೆಬ್ರವರಿ; ಕರ್ನಾಟಕದ ಶಾಲೆಗಳಿಗೆ ದೊಡ್ಡ ರಜೆ ಏಪ್ರಿಲ್, ಮೇ ತಿಂಗಳುಗಳಲ್ಲಿ.