ಕಳ್ಳಿ ಕುಂಡಕ್ಕೆ ಎರೆಮಣ್ಣು ಸಲ್ಲದು

ಸೇಡಂ, ಚಿತ್ತಾಪುರ, ವಾಡಿ ಕಡೆ ನೌಕರಿಗೆ ಹೋಗಿ ನೆಲೆಸಿದ ನಮ್ಮ ಬಂಧುಗಳಿಗೆ ಬಿಸಿಲಿನ ಕೊರತೆಯಿಲ್ಲ. ಆದರೂ ಅಲ್ಲಿ ಕುಂಡದ ಪಾಪಸುಕಳ್ಳಿ ಬುಡ ಕೊಳೆತು ಸಾಯುವುದುಂಟು. ಕಾರಣ, ಹೊಲದಿಂದ ತಂದು ತುಂಬಿದ ಎರೆಮಣ್ಣು. ತೊಗರಿಗೆ ಅದು ಒಳ್ಳೆಯದೇ. ಕುಂಡದಲ್ಲಿ ಮಾತ್ರ ಅದರ ನುಣುಪು ಜೇಡಿ ನೀರು ಕುಡಿದು ಉಬ್ಬುತ್ತದೆ, ಬೇರಿಗೆ ಗಾಳಿ ತಾಗದು. ಒಣಗಿದಾಗ ಬಿರಿದು ಎಳೆ ಬೇರುಗಳನ್ನು ಹರಿಯುತ್ತದೆ.

ಎರಡು ಪಾಲು ತೊಳೆದ ದಪ್ಪ ಮರಳು, ಪುಡಿ ಜರಡಿ ಹಿಡಿದು ತೆಗೆದ ಕಡಲೆಗಾತ್ರದ ಇಟ್ಟಿಗೆ ಚೂರು ಒಂದು ಪಾಲು, ಕೆಂಪುಮಣ್ಣು ಒಂದು ಪಾಲು, ಪೂರ್ತಿ ಕಳಿತ ಎಲೆಗೊಬ್ಬರ ಒಂದು ಪಾಲು ಬೆರೆಸಬೇಕು. ಕೆಂಪುಮಣ್ಣು ಚಿಂಚೋಳಿಯ ಜಂಬಿಟ್ಟಿಗೆ ನೆಲದಲ್ಲಿದೆ. ಇಟ್ಟಿಗೆಗೆ ಬದಲು ಶಹಾಬಾದ್ ಕಲ್ಲಿನ ಚೂರು ಹಾಕುವ ಆಸೆ ಬೇಡ. ಅದು ಸುಣ್ಣಕಲ್ಲು, ಸುಣ್ಣ ಹೆಚ್ಚಾದರೆ ಕಬ್ಬಿಣಾಂಶ ಬೇರಿಗೆ ದಕ್ಕದೆ ಗಿಡ ಹಳದಿಯಾಗುತ್ತದೆ. ಅಲ್ಲಿನ ಬಾವಿನೀರಿನಲ್ಲೂ ಸುಣ್ಣವೇ. ಕುಂಡದಂಚಿಗೆ ಬಿಳಿ ಪೊರೆ ಕಟ್ಟುವುದನ್ನು ನೋಡಿರಬಹುದು. ಮಳೆನೀರು ಹಿಡಿದಿಟ್ಟು ಹಾಕುವುದು ಮೇಲು.

ತೇವಗೊಂಡ ಮಿಶ್ರಣವನ್ನು ಮುಷ್ಟಿಯಲ್ಲಿ ಹಿಂಡಿ ಬಿಡಿರಿ. ಉಂಡೆ ನಿಂತರೆ ಮರಳು ಸಾಲದು, ಉದುರಿದರೆ ಸರಿ. ಎರೆಮಣ್ಣಲ್ಲದಿದ್ದರೂ ನಮ್ಮ ಮಲೆನಾಡಿನಲ್ಲಿ ಮಳೆಯೇ ಶತ್ರು. ಇಲ್ಲಿ ಎಲೆಗೊಬ್ಬರವನ್ನು ಅರ್ಧಕ್ಕಿಳಿಸಿ, ಮಳೆಗಾಲ ಮುಗಿಯುವವರೆಗೆ ಕುಂಡವನ್ನು ಮಾಡಿನಡಿ ಬೆಳಕಿರುವಲ್ಲಿ ಇಡತಕ್ಕದ್ದು.