ಕಿತ್ತಳೆ ಸಿಪ್ಪೆ, ಗೇರುಬೀಜ ಮತ್ತು ನಮ್ಮ ಅತ್ತೆಯವರು

ಕಳೆದ ಸಂಕ್ರಾಂತಿಯ ಅರಸಿನ-ಕುಂಕುಮದ ದಿನ ನಮ್ಮ ಮಹಿಳಾ ವಿಭಾಗದವರಿಗೆಂದು ಒಂದು ಡಬ್ಬಿ ಕಿತ್ತಳೆ ಗೇರುಬೀಜ ಒಯ್ದಿದ್ದೆ. ಎಳ್ಳುಬೆಲ್ಲದ ತಟ್ಟೆಯ ಪಕ್ಕದಲ್ಲಿಟ್ಟ ಆ ಡಬ್ಬಿ ಹಾಡು-ಹಸೆ ಮುಗಿಯುವಷ್ಟರಲ್ಲಿ ಖಾಲಿ. "ಮಾಡುವ ವಿಧಾನ ಬರೆದುಕೊಡಿ" ಎಂದು ಐದಾರು ಮಂದಿ ಕೇಳಿದರು. ಸಂಪಾದಕರೂ ಅಲ್ಲೇ ಇದ್ದರು. "ಪತ್ರಿಕೆಗೇ ಬರೆಯಿರಿ, ಎಲ್ಲರಿಗೂ ಆದೀತು" ಎಂದು ನನ್ನನ್ನು ಸಿಕ್ಕಿಸಿಬಿಟ್ಟರು. ವಿಧಾನ ಬರೆಯಲು ಹತ್ತು ಸಾಲು ಸಾಕು. ಆದರೆ ಆ ಹತ್ತು ಸಾಲು ಕಲಿಯಲು ನಾನು ಏಳು ಕಿಲೋ ಗೇರುಬೀಜದ ಫೀಸು ಕಟ್ಟಿದ್ದೇನೆ. ಆ ಕತೆ ಬಿಟ್ಟು ಬರೇ ವಿಧಾನ ಬರೆದರೆ, ನಾನು ಬಿದ್ದ ಹೊಂಡಕ್ಕೆ ನೀವೂ ಬೀಳುವುದು ಖಂಡಿತ.

ನನ್ನ ತವರಿನವರು ಉಡುಪಿ ಕಡೆಯವರು. ಆದರೆ ನಾನು ಬೆಳೆದದ್ದು ವಿಲೇಪಾರ್ಲೆ ಪೂರ್ವದ ಒಂದು ಚಾಳಿನಲ್ಲಿ. ಪಾರ್ಲೆ ಫ್ಯಾಕ್ಟರಿಯ ಬಿಸ್ಕತ್ತಿನ ಪರಿಮಳ ಗಾಳಿ ಬೀಸಿದ ಕಡೆಗೆಲ್ಲ ಹರಡುತ್ತಿತ್ತು. ಲೋಕಲ್ ಗಾಡಿಯಲ್ಲಿ ಕಣ್ಣು ಮುಚ್ಚಿ ಕುಳಿತವರಿಗೂ ಯಾವ ಸ್ಟೇಷನ್ ಬಂತೆಂದು ಮೂಗೇ ಹೇಳುತ್ತಿತ್ತು. ಆ ಫ್ಯಾಕ್ಟರಿ 2016 ರಲ್ಲಿ ನಿಂತುಹೋಯಿತು. ಬಿಸ್ಕತ್ತಿಗೆ ಹೆಸರಾದ ಈ ಕಂಪೆನಿ 1929 ರಲ್ಲಿ ಶುರುವಾದಾಗ ಮೊದಲು ಮಾಡಿದ್ದು ಬಿಸ್ಕತ್ತಲ್ಲ, ಕಿತ್ತಳೆ ಪೆಪ್ಪರಮಿಂಟು ಎನ್ನುತ್ತಾರೆ. ಬಿಸ್ಕತ್ತು ಬಂದದ್ದು ಹತ್ತು ವರ್ಷದ ನಂತರ. ನಮ್ಮ ಬಾಲ್ಯದಲ್ಲಿ ಕಿತ್ತಳೆ ಎಂದರೆ ಹಣ್ಣಿಗಿಂತ ಹೆಚ್ಚಾಗಿ ಈ ಪೆಪ್ಪರಮಿಂಟೇ. ನಾಗಪುರದ ಸಂತ್ರಾ ಮನೆಗೆ ಬರುತ್ತಿದ್ದುದು ಯಾರಿಗಾದರೂ ಜ್ವರ ಬಂದಾಗ ಮಾತ್ರ!

ಗೇರುಬೀಜ ಮಾತ್ರ ಧಾರಾಳ. ಮೇ ತಿಂಗಳ ರಜೆಯಲ್ಲಿ ಅಜ್ಜಿಮನೆಗೆ ಹೋದರೆ ಕೆಂಡದಲ್ಲಿ ಬೀಜ ಸುಟ್ಟು, ಕಲ್ಲಿನಿಂದ ಗುದ್ದಿ ತಿನ್ನುವುದೇ ನಮ್ಮ ಕೆಲಸ. ಸಿಪ್ಪೆಯ ಎಣ್ಣೆ ತಾಗಿ ತುಟಿ ಸುಟ್ಟುಕೊಂಡು ಅಜ್ಜಿಯಿಂದ ಬೈಗುಳ ತಿನ್ನುವುದೂ ಅದರ ಜೊತೆಗೇ. ಈ ಗೇರು ನಮ್ಮ ಊರಿನದಲ್ಲ. ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರು ಬ್ರೆಜಿಲ್ಲಿನಿಂದ ತಂದದ್ದು. ಅಲ್ಲಿಯವರ ಮಾತಿನ 'ಅಕಾಜು' ಪೋರ್ಚುಗೀಸರ ಬಾಯಲ್ಲಿ 'ಕಾಜು' ಆಗಿ ಮರಾಠಿ-ಕೊಂಕಣಿಗೆ ಬಂತು.

ಶಬ್ದಗಳ ಮಾತು ಬಂತಲ್ಲ, ಇನ್ನೊಂದನ್ನು ಹೇಳಿ ಮುಂದೆ ಹೋಗುತ್ತೇನೆ, ಬಿ.ಎ. ಇಂಗ್ಲಿಷ್ ಓದಿ ಸೌಟು ಹಿಡಿದವಳಿಗೆ ಇಷ್ಟಾದರೂ ಹಕ್ಕು ಬೇಡವೇ? ಕಾಲೇಜಿನಲ್ಲಿ ಓದಿದ ಇಂಗ್ಲಿಷ್ ಕಾದಂಬರಿಗಳಲ್ಲಿ ಕ್ಯಾಂಡಿಡ್ ಪೀಲ್, ಮಾರ್ಮಲೇಡ್ ಎಂದೆಲ್ಲ ಬರುತ್ತಿತ್ತು. ಯಾವುದೋ ದೊರೆಸಾನಿಯರ ತಿಂಡಿ ಎಂದುಕೊಂಡಿದ್ದೆ. ನಿಘಂಟು ತೆಗೆದು ನೋಡಿದರೆ, ಆ 'ಕ್ಯಾಂಡಿ' ನಮ್ಮ ಸಂಸ್ಕೃತದ 'ಖಂಡ'. ಪರ್ಷಿಯಾ, ಅರಬಸ್ತಾನ ಸುತ್ತಿ ಯುರೋಪಿಗೆ ಹೋದದ್ದು. 'ಆರೆಂಜ್' ಎಂಬುದೂ ನಮ್ಮ 'ನಾರಂಗ'ವೇ. ಅಂದರೆ ಕಿತ್ತಳೆ ಪೆಪ್ಪರಮಿಂಟು ಎಂಬುದು ಊರೂರು ತಿರುಗಿ ತವರಿಗೆ ಬಂದ ಮಗಳು.

ಈಗ ಆ ಹೊಂಡದ ಕತೆ.

2012 ರಲ್ಲಿ ನಮ್ಮವರು ಕೆಲಸ ಮಾಡುತ್ತಿದ್ದ ಕಾರ್ಖಾನೆ ಮುಚ್ಚಿತು. ನಾವಾಗ ಡೊಂಬಿವಿಲಿಯಲ್ಲಿದ್ದೆವು. ಈಗಲೂ ಅದೇ ಮನೆ. ಮಗಳು ಹನ್ನೆರಡನೆಯ ತರಗತಿ. ಮುಂದಿನ ಜೂನ್‌ಗೆ ಇಂಜಿನಿಯರಿಂಗ್ ಫೀಸು ತಯಾರಿರಬೇಕು. ನಾನು ಟ್ಯೂಷನ್ ಹೇಳಿದೆ, ಚಕ್ಕುಲಿ ಮಾಡಿದೆ. ಒಮ್ಮೆ ಗೇರುಬೀಜ ಹುರಿದು, ಸಕ್ಕರೆ ಪಾಕದಲ್ಲಿ ಹೊರಳಿಸಿ, ಕಿತ್ತಳೆ ಸಿಪ್ಪೆ ತುರಿದು ಹಾಕಿ ನೆರೆಮನೆಗೆ ಕೊಟ್ಟೆ. ಅದು ಚೆನ್ನಾಗಿಯೇ ಬಂದಿತ್ತು. ಆ ಮನೆಯಾಕೆ ತಮ್ಮ ಆಫೀಸಿನವರಿಗೆ ತೋರಿಸಿ, ದೀಪಾವಳಿ ಉಡುಗೊರೆಗೆಂದು ಕಾಲು ಕಿಲೋದ ನಲವತ್ತು ಡಬ್ಬಿಗೆ ಆರ್ಡರ್ ತಂದುಬಿಟ್ಟರು. ಮಸ್ಜಿದ್ ಬಂದರಿಗೆ ಹೋಗಿ ಏಳು ಕಿಲೋ ಗೇರುಬೀಜ ತಂದೆ. ಮನೆಯಲ್ಲಿದ್ದ ಕೈಗಾಸೆಲ್ಲ ಅದಕ್ಕೇ ಹೋಯಿತು.

ನಮ್ಮ ಅತ್ತೆಯವರಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ಅವರು ಧಾರವಾಡದವರು, ಮಾಸ್ತರರ ಹೆಂಡತಿ, ಆಗ 82 ವರ್ಷ. "ಮನ್ಯಾಗಿನ ತಿನಿಸು ಮಾರೂದೇನ?" ಎಂದು ಒಂದೇ ಮಾತು ಕೇಳಿ ಮೌನ ಹಿಡಿದರು. "ಗಿರಗಾಂವದಲ್ಲಿ 1959 ರಲ್ಲಿ ಏಳು ಹೆಂಗಸರು ಎಂಬತ್ತು ರೂಪಾಯಿ ಸಾಲ ಮಾಡಿ ಹಪ್ಪಳ ಲಟ್ಟಿಸಿದ್ದರಿಂದಲೇ ಲಿಜ್ಜತ್ ಆದದ್ದು, ಅತ್ತೆ" ಎಂದೆ. ಅವರು ಜಪಮಣಿ ಎಣಿಸುತ್ತ ಗೋಡೆ ಕಡೆಗೆ ತಿರುಗಿದರು.

ದೊಡ್ಡ ಆರ್ಡರ್ ಎಂದ ಕೂಡಲೇ ನನಗೆ ಬುದ್ಧಿವಂತಿಕೆ ಬಂತು ನೋಡಿ! ಸಿಪ್ಪೆಯ ಜೊತೆ ರಸವನ್ನೂ ಹಾಕಿದರೆ ಹುಳಿ-ಸಿಹಿ ಇನ್ನೂ ಚೆನ್ನ ಎನಿಸಿತು. ಮೇಲಾಗಿ, ಗುಲಾಬ್ ಜಾಮೂನಿನ ಪಾಕ ಹರಳುಗಟ್ಟದಿರಲಿ ಎಂದು ಅಮ್ಮ ಅದಕ್ಕೆ ನಿಂಬೆ ಹಿಂಡುತ್ತಿದ್ದುದು ನೆನಪಿತ್ತು. ಹಾಗಾಗಿ ಕುದಿಯುವ ಪಾಕಕ್ಕೆ ನಾಲ್ಕು ನಿಂಬೆಹಣ್ಣು, ಎರಡು ಕಿತ್ತಳೆಯ ರಸ ಸುರಿದೆ. ಗೇರುಬೀಜ ಹಾಕಿ ತಿರುವಿದೆ, ತಿರುವಿದೆ, ಕೈ ಸೋತಿತು. ಪಾಕ ಬೆಳ್ಳಗಾಗಿ ಮರಳಿನಂತೆ ಉದುರಲೇ ಇಲ್ಲ. ಜೇನುತುಪ್ಪದ ಹಾಗೆ ಹೊಳೆಯುತ್ತ ಅಂಟಿಕೊಂಡಿತು. ರಾತ್ರಿ ಆರಿದರೆ ಸರಿಹೋದೀತು ಎಂದು ನಾಲ್ಕೂ ಒಬ್ಬೆ ಹಾಗೆಯೇ ಮುಗಿಸಿದೆ. ಬೆಳಿಗ್ಗೆ ನೋಡಿದರೆ ಇನ್ನಷ್ಟು ಜಿಗುಟು. ಒಂದು ಬೀಜ ಎತ್ತಿದರೆ ಇಪ್ಪತ್ತು ಬೀಜ ಕೈ ಹಿಡಿದು ಬರುತ್ತಿದ್ದವು. ಡಬ್ಬಿ ಕೊಡಲು ಉಳಿದದ್ದು ಮೂರು ದಿನ. ನಾನು ಅಡಿಗೆಮನೆಯ ನೆಲದ ಮೇಲೆ ಕುಳಿತು ಅತ್ತೆ.

ಅಳುವ ಸದ್ದಿಗೆ ಅತ್ತೆಯವರು ಗೋಡೆ ಹಿಡಿದುಕೊಂಡು ಬಂದರು. ಕಣ್ಣು ಮಂಜಾಗಿತ್ತು, ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ತಾಟಿಗೆ ಕೈ ಹಾಕಿ ಒಂದು ಬೀಜವನ್ನು ಹೆಬ್ಬೆರಳು-ತೋರುಬೆರಳಿನ ನಡುವೆ ತಿಕ್ಕಿ ನೋಡಿದರು.

"ಅಲ್ಲ ಹುಡುಗಿ, ಇದಕ್ಕ ಹುಳಿ ಹಿಂಡೀಯೇನು?"

"ಹೌದು ಅತ್ತೆ, ನಿಂಬೆ."

"ಹುಳಿ ಬಿದ್ದ ಸಕ್ಕರಿ ಮತ್ತ ಸಕ್ಕರಿ ಆಗೂದಿಲ್ಲವಾ. ನಾವು ಕುಸುರೆಳ್ಳಿಗೆ ಎಂದರ ಹುಳಿ ಹಿಂಡಿದ್ದು ನೋಡೀಯೇನು?"

ಕುಸುರೆಳ್ಳು ನಮ್ಮ ದಕ್ಷಿಣ ಕನ್ನಡ, ಮೈಸೂರು ಕಡೆಯ ಕೆಲವರಿಗೆ ಹೊಸದಿರಬಹುದು. ಉತ್ತರ ಕರ್ನಾಟಕದ ಸಂಕ್ರಾಂತಿಯಲ್ಲಿ ಅದಿರಲೇಬೇಕು. ಇಲ್ಲಿ ಮರಾಠಿಯವರು ಅದನ್ನೇ ಹಲ್ವಾ ಎನ್ನುತ್ತಾರೆ. ಹೊಸ ಮದುವಣಗಿತ್ತಿಗೆ, ಪುಟ್ಟ ಮಕ್ಕಳಿಗೆ ಕಪ್ಪು ಬಟ್ಟೆಯ ಮೇಲೆ ತೊಡಿಸುವ ಬಿಳಿ ಆಭರಣಗಳು ಇದರವೇ. ಸಿಪ್ಪೆ ತೆಗೆದ ಬಿಳಿ ಎಳ್ಳನ್ನು ಹಿತ್ತಾಳೆ ಪರಾತದಲ್ಲಿ ಹಾಕಿ, ಕೆಳಗೆ ಇದ್ದಿಲ ಶೆಗಡಿಯ ಮಂದ ಶಾಖ ಇಟ್ಟು, ಒಂದೆಳೆ ಪಾಕವನ್ನು ಚಮಚ ಚಮಚವಾಗಿ ಬಿಡುತ್ತ ಬೆರಳಿನಿಂದ ಆಡಿಸಬೇಕು. ಒಂದು ಚಮಚ ಆರಿದ ಮೇಲೆ ಇನ್ನೊಂದು. ಹೀಗೆ ದಿನಗಟ್ಟಲೆ ಮಾಡಿದರೆ ಎಳ್ಳಿನ ಮೈಮೇಲೆ ಸಕ್ಕರೆಯ ಸಣ್ಣ ಮುಳ್ಳುಗಳು ಏಳುತ್ತವೆ. ಅತ್ತೆಯವರು ಬೆಳಗಿನ ಚಳಿಯಲ್ಲಿ ಎದ್ದು ಕುಳಿತು ಮಾಡುತ್ತಿದ್ದರು. ಪಾಕದ ಕೊಳೆ ತೆಗೆಯಲು ಎರಡು ಚಮಚ ಹಾಲು ಹಾಕುತ್ತಿದ್ದರು, ನಿಂಬೆ ಸೋಕಿಸುತ್ತಿರಲಿಲ್ಲ. ಕೆಲವರು ಒಂದೆರಡು ಹನಿ ನಿಂಬೆರಸ ಹಾಕುವುದುಂಟು, ಅಷ್ಟಕ್ಕೆ ಕೆಡುವುದಿಲ್ಲ. ನಾನು ಸುರಿದದ್ದು ಬಟ್ಟಲುಗಟ್ಟಲೆ!

ಆಮೇಲೆ ಮಗಳ ರಸಾಯನಶಾಸ್ತ್ರದ ಪುಸ್ತಕದಲ್ಲಿ ನೋಡಿದೆ. ಅತ್ತೆಯವರು ಹೇಳಿದ್ದು ಅಕ್ಷರಶಃ ನಿಜ. ನಾವು ಅಂಗಡಿಯಿಂದ ತರುವ ಸಕ್ಕರೆ ಸುಕ್ರೋಸ್. ಹುಳಿಯ ಜೊತೆ ಕುದಿಸಿದರೆ ಅದು ಗ್ಲೂಕೋಸ್, ಫ್ರಕ್ಟೋಸ್ ಎಂದು ಎರಡಾಗಿ ಒಡೆಯುತ್ತದೆ. ಈ ಎರಡು ಸೇರಿಕೊಂಡರೆ ಉಳಿದ ಸಕ್ಕರೆಯೂ ಸುಲಭದಲ್ಲಿ ಹರಳುಗಟ್ಟಲಾರದು. ಸಾಲದ್ದಕ್ಕೆ ಫ್ರಕ್ಟೋಸಿಗೆ ಗಾಳಿಯ ತೇವವನ್ನು ಎಳೆದುಕೊಳ್ಳುವ ಗುಣ. ಮುಂಬಯಿಯ ಗಾಳಿಯಲ್ಲಿ ತೇವಕ್ಕೇನು ಬರ? ಜಾಮೂನಿನ ಪಾಕಕ್ಕೆ ಬೇಕಾದದ್ದು ಹರಳು ಕಟ್ಟದಿರುವುದು, ಅಲ್ಲಿ ನಿಂಬೆ ಸರಿ. ಗೇರುಬೀಜಕ್ಕೂ ಕುಸುರೆಳ್ಳಿಗೂ ಹರಳು ಕಟ್ಟಲೇಬೇಕು, ಇಲ್ಲಿ ಅದೇ ನಿಂಬೆ ಶತ್ರು.

ಹಾಗಾದರೆ ಕಿತ್ತಳೆಯ ರುಚಿ ತರುವುದು ಹೇಗೆ? ಸಿಪ್ಪೆಯಿಂದ. ಕಿತ್ತಳೆ ಸುಲಿಯುವಾಗ ಕಣ್ಣಿಗೆ ಚಿಮ್ಮುತ್ತದಲ್ಲ, ಆ ಎಣ್ಣೆಯಲ್ಲಿದೆ ಪರಿಮಳವೆಲ್ಲ. ಬಣ್ಣದ ಹೊರಪದರದ ಸಣ್ಣ ಸಣ್ಣ ಚುಕ್ಕೆಗಳು ಅದರ ಚೀಲಗಳು. ಅದರಲ್ಲಿ ಹುಳಿಯಿಲ್ಲ. ಒಳಗಿನ ಬಿಳಿ ಪದರ ಕಹಿ, ಅದು ಬೇಡ. ಈ ಎಣ್ಣೆ ಬಿಸಿಗೆ ಹಾರಿಹೋಗುವುದರಿಂದ ಪಾಕದ ಜೊತೆ ಕುದಿಸಲೂ ಕೂಡದು.

ಆ ದಿನ ಅತ್ತೆಯವರು ಒಳಗೆ ಹೋಗಿ, ತಮ್ಮ ಟ್ರಂಕಿನಲ್ಲಿ ಸೀರೆಗಳ ಮಡಿಕೆಯ ಕೆಳಗಿಟ್ಟಿದ್ದ ಪಿಂಚಣಿಯ ನೋಟುಗಳನ್ನು ತಂದು ನನ್ನ ಮಡಿಲಿಗೆ ಹಾಕಿದರು. "ಹೋಗು, ಮತ್ತ ತೊಗೊಂಬಾ" ಎಂದರು. ಇನ್ನೇನೂ ಹೇಳಲಿಲ್ಲ. ಮಧ್ಯಾಹ್ನದ ಗಾಡಿಗೆ ಮತ್ತೆ ಮಸ್ಜಿದ್ ಬಂದರು. ಸಂಜೆಯಿಂದ ನಾನು ಪಾಕ ನೋಡಿದೆ, ಅವರು ಕಾಲು ಚಾಚಿ ಕುಳಿತು ಹಿತ್ತಾಳೆ ಪರಾತದಲ್ಲಿ ಬೀಜ ಬಿಡಿಸಿದರು, ಮಗಳು ಡಬ್ಬಿ ತುಂಬಿದಳು. ನಮ್ಮವರು ಸಿಪ್ಪೆ ತುರಿಯುತ್ತ ಬೆರಳನ್ನೂ ಒಂದಿಷ್ಟು ತುರಿದುಕೊಂಡರು. ನಲವತ್ತು ಡಬ್ಬಿ ಹೇಳಿದ ದಿನಕ್ಕೇ ಹೋಯಿತು. ಕೆಟ್ಟ ಗೇರುಬೀಜವನ್ನು ಬಿಸಿನೀರಿನಲ್ಲಿ ತೊಳೆದು, ಫ್ಯಾನಿನ ಕೆಳಗೆ ಆರಿಸಿ, ರುಬ್ಬಿ ಬರ್ಫಿ ಮಾಡಿದೆ. ಮಾರಲು ಮನಸ್ಸಾಗಲಿಲ್ಲ, ಆ ದೀಪಾವಳಿಗೆ ನಮ್ಮ ಕಟ್ಟಡದವರೆಲ್ಲ ನನ್ನ ಧಾರಾಳತನವನ್ನು ಬಹಳ ಹೊಗಳಿದರು.

ಇನ್ನು ವಿಧಾನ. ಅರ್ಧ ಕಿಲೋ ಗೇರುಬೀಜಕ್ಕೆ ಕಾಲು ಕಿಲೋ ಸಕ್ಕರೆ, ಅರ್ಧ ಕಪ್ಪಿಗಿಂತ ತುಸು ಕಡಿಮೆ ನೀರು, ಎರಡು ಕಿತ್ತಳೆ ಮತ್ತು ಒಂದು ನಿಂಬೆಯ ಸಿಪ್ಪೆ, ಚಿಟಿಕೆ ಉಪ್ಪು. ಗೇರುಬೀಜ 320 ನಂಬರಿನದು ಸಾಕು. ಆ ನಂಬರೆಂದರೆ ಒಂದು ಪೌಂಡಿಗೆ ಹೆಚ್ಚೆಂದರೆ 320 ಬೀಜ ಎಂದು; 240 ರದ್ದು ದಪ್ಪ, ದುಬಾರಿ, ಸಕ್ಕರೆಯ ಅಂಗಿ ತೊಡಿಸಿದ ಮೇಲೆ ವ್ಯತ್ಯಾಸ ಯಾರಿಗೂ ತಿಳಿಯದು. ಶೇಂಗಾ, ಬಾದಾಮಿಗೂ ಇದೇ ಲೆಕ್ಕ.

ಹಣ್ಣನ್ನು ಉಗುರುಬೆಚ್ಚಗಿನ ನೀರಿನಲ್ಲಿ ತಿಕ್ಕಿ ತೊಳೆದು ಒರೆಸಿ. ಥಳಥಳ ಹೊಳೆಯುವ ಫಾರಿನ್ ಹಣ್ಣಿಗೆ ಮೇಣ ಬಳಿದಿರುತ್ತಾರೆ, ಅದಕ್ಕಿಂತ ನಮ್ಮ ನಾಗಪುರದ್ದೇ ಒಳ್ಳೆಯದು. ಅದರ ಸಿಪ್ಪೆ ಸಡಿಲ, ಆದ್ದರಿಂದ ಸುಲಿಯುವ ಮೊದಲೇ ಸಣ್ಣ ತುರಿಮಣೆಯಲ್ಲಿ ಹಗುರ ಕೈಯಿಂದ ಬಣ್ಣದ ಪದರವನ್ನಷ್ಟೇ ತುರಿಯಿರಿ. ಮಾಟುಂಗದಲ್ಲಿ ಹೇರಳೆಕಾಯಿ ಕಂಡರೆ ಬಿಡಬೇಡಿ; ಉಪ್ಪಿನಕಾಯಿಗೆ ಹೆಚ್ಚುವ ಮೊದಲು ಒಂದು ಚಮಚ ಸಿಪ್ಪೆ ತುರಿದಿಟ್ಟುಕೊಳ್ಳಿ, ಅದರ ಘಮವೇ ಬೇರೆ. ಈ ತುರಿಯನ್ನು ಎರಡು ದೊಡ್ಡ ಚಮಚ ಸಕ್ಕರೆಯೊಂದಿಗೆ ಬೆರಳಿನಿಂದ ತಿಕ್ಕಿ. ಎಣ್ಣೆಯನ್ನು ಸಕ್ಕರೆ ಹೀರಿಕೊಳ್ಳುತ್ತದೆ. ತಟ್ಟೆಯಲ್ಲಿ ಹರವಿ ನಾಲ್ಕೈದು ಗಂಟೆ ನೆರಳಲ್ಲಿ ಆರಲು ಬಿಡಿ.

ಗೇರುಬೀಜವನ್ನು ದಪ್ಪ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹೊಂಬಣ್ಣಕ್ಕೆ ಹುರಿದಿಡಿ. ಉಳಿದ ಸಕ್ಕರೆಗೆ ನೀರು, ಉಪ್ಪು ಸೇರಿಸಿ ಕುದಿಸಿ. ಎರಡೆಳೆ ದಾಟಬೇಕು, ತಣ್ಣೀರಿಗೆ ಒಂದು ಹನಿ ಬಿಟ್ಟರೆ ಬೆರಳಿಗೆ ಮೆತ್ತನೆಯ ಉಂಡೆಯಾಗಿ ಸಿಗಬೇಕು. ಕೂಡಲೇ ಉರಿ ಆರಿಸಿ, ಬೀಜ ಹಾಕಿ, ನಿಲ್ಲಿಸದೆ ತಿರುವಿ. ಮೂರು ನಾಲ್ಕು ನಿಮಿಷದಲ್ಲಿ ಪಾಕ ಮಂಕಾಗಿ, ಬೆಳ್ಳಗಾಗಿ, ಮರಳಿನಂತೆ ಬೀಜಕ್ಕೆ ಅಂಟುತ್ತದೆ. ಆಗ, ಆಗಲೇ, ಸಿಪ್ಪೆಯ ಸಕ್ಕರೆ ಉದುರಿಸಿ ಎರಡು ಸಲ ಹೊರಳಿಸಿ ಪರಾತಕ್ಕೆ ಸುರಿದು ಬಿಡಿಬಿಡಿಯಾಗಿಸಿ. ಹೊಳಪು ಬರಲೆಂದು ಮತ್ತೆ ಒಲೆಗೆ ಏರಿಸಬೇಡಿ, ಸಿಪ್ಪೆ ಸುಟ್ಟು ಕಹಿಯಾಗುತ್ತದೆ. ಹುಳಿ ಬೇಕೇ ಬೇಕೆನ್ನುವವರು ರಸವನ್ನು ಶರಬತ್ತು ಮಾಡಿಕೊಂಡು ಪಕ್ಕದಲ್ಲಿಟ್ಟುಕೊಂಡು ಕುಡಿಯಲಿ.

ಪೂರ್ತಿ ತಣಿದ ಮೇಲೆ ಬಿಗಿ ಮುಚ್ಚಳದ ಡಬ್ಬಿ. ಮಳೆಗಾಲದಲ್ಲಾದರೆ ಹುರಿದ ಅಕ್ಕಿಯ ಪುಟ್ಟ ಗಂಟೊಂದನ್ನು ಡಬ್ಬಿಯೊಳಗೆ ಹಾಕಿಡಿ. ಜುಲೈ ತಿಂಗಳಲ್ಲಿ ನಾನಂತೂ ಈ ಸಾಹಸಕ್ಕೆ ಕೈ ಹಾಕುವುದೇ ಇಲ್ಲ.

ಮಗಳ ಫೀಸು ಗೇರುಬೀಜವೊಂದರಿಂದಲೇ ಹುಟ್ಟಲಿಲ್ಲ ಬಿಡಿ; ನಮ್ಮವರಿಗೆ ಭಿವಂಡಿಯಲ್ಲಿ ಬೇರೆ ಕೆಲಸ ಸಿಕ್ಕಿತು, ಒಂದು ಜೊತೆ ಬಳೆಯೂ ಹೋಯಿತು. ಆದರೆ ಮೊದಲ ಕಂತು ಆ ನಲವತ್ತು ಡಬ್ಬಿಯದೇ. ಅತ್ತೆಯವರ ಹಣ ಹಿಂದಿರುಗಿಸಲು ಹೋದಾಗ ಅವರು ಮುಟ್ಟಲಿಲ್ಲ. ಬದಲಿಗೆ ಪ್ರತಿ ಒಬ್ಬೆಯಲ್ಲೂ ಅವರ ಪಾಲು ಎಂದು ಹತ್ತು ಬೀಜ ಎತ್ತಿಡಬೇಕಾಯಿತು. ಹಲ್ಲಿರಲಿಲ್ಲ. ಕಿತ್ತಳೆ ಸಕ್ಕರೆಯನ್ನೆಲ್ಲ ಚೀಪಿ ಮುಗಿಸಿ, ಬರೇ ಬೀಜವನ್ನು ಸೆರಗಿನಲ್ಲಿ ಒರೆಸಿ ಮೊಮ್ಮಗಳಿಗೆ ಕೊಡುತ್ತಿದ್ದರು. ಅವಳು ಮುಖ ಸಿಂಡರಿಸಿದರೆ, "ಯಾಕ, ಇನ್ನೂ ವಾಸನಿ ಅದನಲ್ಲ, ತಿನ್ನು" ಎನ್ನುತ್ತಿದ್ದರು.