ಅಂಚೆಯಲ್ಲಿ ಬಂದ ಮೊಟ್ಟೆ

೧೯೧೩ನೆಯ ಇಸವಿ ಜನವರಿ ೧ರಂದು ಅಮೆರಿಕದ ಅಂಚೆ ಇಲಾಖೆಯು ಪಾರ್ಸೆಲ್ ಸೇವೆಯನ್ನು ಆರಂಭಿಸಿತು. ಅದರ ಮೊದಲ ಕಟ್ಟುಗಳಲ್ಲಿ ಒಂದರೊಳಗೆ ಇದ್ದುದು ಆರು ಕೋಳಿಮೊಟ್ಟೆಗಳು. ಸೇಂಟ್ ಲೂಯಿಸ್ ನಗರದಿಂದ ಎಡ್ವರ್ಡ್ಸ್‌ವಿಲ್ ಎಂಬ ಊರಿಗೆ ಹೊರಟ ಈ ಮೊಟ್ಟೆಗಳು ಏಳು ಗಂಟೆಗಳಲ್ಲಿ ಮರಳಿ ಬಂದುವು, ಕೇಕಿನ ರೂಪದಲ್ಲಿ! ಹೊಸ ಸೇವೆ ಎಷ್ಟು ಚುರುಕು ಎಂಬುದಕ್ಕೆ ಇದಕ್ಕಿಂತ ರುಚಿಯಾದ ಸಾಕ್ಷ್ಯ ಬೇಕಿರಲಿಲ್ಲ. ಒಡೆದ ಮೊಟ್ಟೆಯಿಂದಲೂ ಕೇಕು ಆಗುತ್ತದೆ ಎಂಬ ಕುಹಕದ ಮಾತನ್ನು ಆ ಸಂಭ್ರಮದಲ್ಲಿ ಯಾರೂ ಆಡಿರಲಾರರು.

ಕೇಕಿಗೆ ಹೋಗುವ ಮೊಟ್ಟೆಯ ಮಾತು ಅಷ್ಟು ಸುಲಭ. ಮರಿಯಾಗಬೇಕಾದ ಮೊಟ್ಟೆಯ ಪ್ರಯಾಣವೇ ಬೇರೆ. ಅದರ ಚಿಪ್ಪು ಉಳಿದರೆ ಸಾಲದು. ಒಳಗೆ ಕಣ್ಣಿಗೆ ಕಾಣದಂತಿರುವ ಜೀವವೂ ಊರು ಸೇರಬೇಕು. ಆದರೂ ಕಾವಿಗಿಡುವ ಮೊಟ್ಟೆಗಳನ್ನು ಅಂಚೆಯಲ್ಲಿ ತರಿಸಿಕೊಳ್ಳುವ ಪದ್ಧತಿ ಅಮೆರಿಕದಲ್ಲಿ ಇಂದಿಗೂ ಬಳಕೆಯಲ್ಲಿದೆ. ಕೋಳಿ ಸಾಕುವವನೊಬ್ಬ ಒಂದು ಡಜನ್ ಮೊಟ್ಟೆಗಳನ್ನು ಒಂದೊಂದಾಗಿ ಸುತ್ತಿ, ಮೆತ್ತನೆಯ ಗೂಡುಗಳಲ್ಲಿ ಕೂರಿಸಿ, ಪೆಟ್ಟಿಗೆಯ ಮೇಲೆ ‘ಕಾವಿನ ಮೊಟ್ಟೆ’ ಎಂದು ದಪ್ಪಕ್ಷರದಲ್ಲಿ ಬರೆದು ಕಳುಹಿಸುತ್ತಾನೆ. ನೂರಾರು ಮೈಲಿಗಳಾಚೆ ಇನ್ನಾವುದೋ ಮನೆಯ ಗೃಹಿಣಿ ಅಂಚೆ ಕಚೇರಿಯಿಂದ ದೂರವಾಣಿ ಕರೆ ಬಂದೊಡನೆ ತಾನೇ ಹೋಗಿ, ಹಸುಗೂಸನ್ನು ತರುವಂತೆ ಅದನ್ನು ಮನೆಗೆ ತರುತ್ತಾಳೆ. ವ್ಯಾಪಾರದ ಕರಾರು ಮಾತ್ರ ಬಲು ಬಿಗಿಯಾದುದು. ಮಾರುವವನು ಮೊಟ್ಟೆಗೆ ಹೊಣೆಯೇ ಹೊರತು ಮರಿಗೆ ಹೊಣೆಯಲ್ಲ. ಹನ್ನೆರಡರಲ್ಲಿ ಆರು ಮರಿಯಾದರೆ ಅದೃಷ್ಟ ಒಳ್ಳೆಯದೆನ್ನಬೇಕು. ಒಂದೂ ಆಗದಿರುವುದೂ ಉಂಟು.

ಇಷ್ಟು ನಷ್ಟದ ಭಯವಿದ್ದೂ ಈ ಗೋಜಿಗೆ ಹೋಗುವುದೇತಕ್ಕೆ? ಬಿಳಿ ಕೋಳಿಯ ಮೊಟ್ಟೆಯನ್ನು ತಿನ್ನಲು ಯಾರೂ ಹೀಗೆ ತರಿಸಬೇಕಾಗಿಲ್ಲ. ಅದು ಅಂಗಡಿಯಲ್ಲಿ ಸಿಗುತ್ತದೆ. ಅಂಚೆಯ ಹಾದಿ ಹಿಡಿಯುವವು ಹೆಚ್ಚಾಗಿ ವಿರಳವಾದ ತಳಿಗಳು. ಅಮೆರಿಕದ ಅತಿ ಹಳೆಯ ತಳಿಯೆಂದು ಹೆಸರಾದ ಡೊಮಿನಿಕ್ ಕೋಳಿಯನ್ನೇ ನೋಡಬಹುದು. ಮೈಮೇಲೆ ಕಪ್ಪು ಬಿಳುಪಿನ ಪಟ್ಟೆಗಳಿರುವ ಈ ಹಕ್ಕಿ ಒಂದು ಕಾಲದಲ್ಲಿ ರೈತರ ಅಂಗಳಗಳ ಸಾಮಾನ್ಯ ನಿವಾಸಿ. ಕೋಳಿಸಾಕಣೆ ಕಾರ್ಖಾನೆಯ ಉದ್ಯಮವಾದಂತೆಲ್ಲ ಅದು ಮೂಲೆಗೆ ಸರಿಯಿತು. ೧೯೭೦ರ ವೇಳೆಗೆ ತಿಳಿದುಬಂದಿದ್ದ ಹಿಂಡುಗಳು ನಾಲ್ಕೇ ನಾಲ್ಕು. ಅಲ್ಲಿಂದ ಮುಂದೆ ಕೆಲವು ಮಂದಿ ಹಟ ತೊಟ್ಟು ಅದನ್ನು ಉಳಿಸಿಕೊಂಡರು. ಇಂಥ ತಳಿಗಳನ್ನು ಸಾಕುವವರು ಅಕ್ಕಪಕ್ಕದ ಊರಿನವರಲ್ಲ. ದೇಶದ ಒಂದೊಂದು ಮೂಲೆಯಲ್ಲಿ ಒಬ್ಬೊಬ್ಬರು. ಒಂದೇ ಹಿಂಡಿನೊಳಗೆ ತಲೆತಲಾಂತರ ಸಂಬಂಧ ಬೆಳೆದರೆ ಮರಿಗಳು ಬಲಗುಂದುತ್ತವೆ. ಆಗ ಹೊಸ ರಕ್ತ ಬೇಕು. ಬೆಳೆದ ಹುಂಜವನ್ನು ಅಷ್ಟು ದೂರ ಸಾಗಿಸುವುದಕ್ಕಿಂತ ಒಂದು ಡಜನ್ ಮೊಟ್ಟೆಗಳನ್ನು ಕಳುಹಿಸುವುದು ಅಗ್ಗ.

ಇದು ಸಾಧ್ಯವಾಗುವುದು ಮೊಟ್ಟೆಯೊಳಗಿನ ಒಂದು ನಿದ್ರೆಯಿಂದ. ಕನ್ನಡ ನಾಡಿನ ಹಳ್ಳಿಗಳಲ್ಲಿ ಕಾವು ಕೂತ ಕೋಳಿಯನ್ನು ಕಂಡವರಿಗೆ ಒಂದು ವಿಚಾರ ತಿಳಿದೇ ಇರುತ್ತದೆ. ಕೋಳಿ ದಿನಕ್ಕೆ ಒಂದರಂತೆ ಹತ್ತು ಹನ್ನೆರಡು ದಿನ ಮೊಟ್ಟೆಯಿಡುತ್ತದೆ. ಆದರೆ ಮರಿಗಳೆಲ್ಲ ಹೆಚ್ಚುಕಡಮೆ ಒಂದೇ ದಿನ ಹೊರಬರುತ್ತವೆ. ಮೊದಲ ಮೊಟ್ಟೆಯ ಮರಿಗೆ ಹತ್ತು ದಿನ ವಯಸ್ಸು ಹೆಚ್ಚಾಗಬೇಕಿತ್ತಲ್ಲ? ಆಗುವುದಿಲ್ಲ. ಮೊಟ್ಟೆ ಹೊರಬೀಳುವ ಹೊತ್ತಿಗೇ ಅದರೊಳಗಿನ ಜೀವಾಂಶ ಸಾವಿರಾರು ಕೋಶಗಳಾಗಿ ಒಡೆದಿರುತ್ತದೆ. ತಾಯಿಯ ಒಡಲ ಬಿಸಿ ತಪ್ಪಿದೊಡನೆ ಆ ಬೆಳವಣಿಗೆ ನಿಂತುಬಿಡುತ್ತದೆ. ಸಾಯುವುದಿಲ್ಲ, ಕಾಯುತ್ತದೆ. ತಾಯಿ ಬಂದು ಕುಳಿತ ದಿನ ಎಲ್ಲ ಮೊಟ್ಟೆಗಳ ಗಡಿಯಾರವೂ ಒಟ್ಟಿಗೆ ಓಡತೊಡಗುತ್ತದೆ. ತಾಯಿಕೋಳಿಗಾಗಿ ಏರ್ಪಟ್ಟ ಈ ಬಿಡುವನ್ನೇ ಅಂಚೆಯವರು ಬಳಸಿಕೊಳ್ಳುತ್ತಾರೆ.

ಬಿಡುವಿಗೂ ಮಿತಿಯುಂಟು. ಸುಮಾರು ೧೩ರಿಂದ ೧೮ ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಒಂದು ವಾರದವರೆಗೆ ಮೊಟ್ಟೆ ಕ್ಷೇಮ. ಆಮೇಲೆ ದಿನದಿಂದ ದಿನಕ್ಕೆ ಅದರ ಕಸುವು ಇಳಿಯುತ್ತದೆ. ಬೇಸಿಗೆಯಲ್ಲಿ ಅಂಚೆಯ ವಾಹನ ಬಿಸಿಲಿಗೆ ನಿಂತರೆ ಒಳಗಿನ ಜೀವ ಅರೆನಿದ್ದೆಯಲ್ಲಿ ಎಚ್ಚೆತ್ತು, ಕಾವು ಸಾಲದೆ, ಬೆಳೆಯಲೂ ಆರದೆ ಮಲಗಲೂ ಆರದೆ ಸಾಯುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಕುಲುಕಾಟ. ಹಳದಿ ಭಾಗವನ್ನು ನಡುವೆ ಹಿಡಿದಿಡುವುದು ತಿರುಚಿದ ಎರಡು ಬಿಳಿಯ ಹುರಿಗಳು. ಮೊಂಡು ತುದಿಯಲ್ಲಿ, ಎರಡು ತೆಳು ಪೊರೆಗಳ ನಡುವೆ, ಗಾಳಿಯ ಕೋಣೆಯೊಂದಿದೆ. ಮರಿಯು ತನ್ನ ಮೊದಲ ಉಸಿರನ್ನು ಎಳೆಯುವುದು ಅಲ್ಲಿಯೇ. ಪೆಟ್ಟಿಗೆಯನ್ನು ಎಸೆದಾಡಿದರೆ ಪೊರೆ ಬಿಟ್ಟುಕೊಂಡು, ಆ ಗಾಳಿ ನೀರುಮಟ್ಟದ ಗುಳ್ಳೆಯಂತೆ ಅತ್ತಿತ್ತ ಓಡಾಡತೊಡಗುತ್ತದೆ. ಚಿಪ್ಪಿನ ಮೇಲೆ ಒಂದು ಗೀರೂ ಇರುವುದಿಲ್ಲ!

ಆದುದರಿಂದ ಪೆಟ್ಟಿಗೆ ಬಂದ ದಿನವೇ ಮೊಟ್ಟೆಗಳನ್ನು ಕಾವುಯಂತ್ರದೊಳಗೆ ತುಂಬುವ ಆತುರ ಸಲ್ಲದು. ಮಕ್ಕಳು ಸುತ್ತ ನಿಂತು ಎಷ್ಟೇ ಪೀಡಿಸಲಿ, ಮೊಂಡು ತುದಿ ಮೇಲಾಗುವಂತೆ ನಿಲ್ಲಿಸಿ, ಒಂದು ಹಗಲು ಒಂದು ರಾತ್ರಿ ಕೋಣೆಯ ಹವೆಯಲ್ಲಿ ಬಿಡಬೇಕು. ಪ್ರಯಾಣದಿಂದ ಬಂದ ನೆಂಟರಿಗೂ ಅಷ್ಟು ವಿಶ್ರಾಂತಿ ಕೊಡುತ್ತೇವಲ್ಲ! ಕೊಳೆ ಕಂಡಿತೆಂದು ತೊಳೆಯಲೂ ಕೂಡದು. ಚಿಪ್ಪಿನ ಸಾವಿರಾರು ರಂಧ್ರಗಳನ್ನು ಕಾಯುವ ತೆಳು ಲೇಪ ತೊಳೆದುಹೋಗುತ್ತದೆ. ಅನಂತರ ೩೭.೫ ಡಿಗ್ರಿ ಕಾವು, ತಕ್ಕಷ್ಟು ತೇವ. ಸಾಮಾನ್ಯವಾಗಿ ಮೊಟ್ಟೆಗಳನ್ನು ದಿನಕ್ಕೆ ಹಲವು ಬಾರಿ ಹೊರಳಿಸಬೇಕು. ಇಲ್ಲವಾದರೆ ಭ್ರೂಣ ಪೊರೆಗೆ ಅಂಟಿಕೊಳ್ಳುತ್ತದೆ. ಆದರೆ ಗಾಳಿಯ ಕೋಣೆ ಸಡಿಲಗೊಂಡ ಮೊಟ್ಟೆಗಳನ್ನು ಅನುಭವಸ್ಥರು ಮೊದಲ ಕೆಲವು ದಿನ ಅಲುಗಿಸದೆ ನಿಲ್ಲಿಸಿಯೇ ಇಡುತ್ತಾರೆ.

ಅಂಚೆಯಲ್ಲಿ ರೋಗವೂ ಪ್ರಯಾಣ ಮಾಡಬಲ್ಲದು. ಎಳೆಯ ಮರಿಗಳನ್ನು ಹಿಂಡುಹಿಂಡಾಗಿ ಕೊಲ್ಲುತ್ತಿದ್ದ ಪುಲ್ಲೋರಮ್ ಎಂಬ ಬಿಳಿಭೇದಿಯು ತಾಯಿಯಿಂದ ಮೊಟ್ಟೆಯೊಳಗೇ ದಾಟುವಂಥದು. ಅದನ್ನು ತಡೆಯಲೆಂದೇ ಅಮೆರಿಕದಲ್ಲಿ ೧೯೩೫ರಲ್ಲಿ ಹಿಂಡುಗಳ ಪರೀಕ್ಷೆಯ ರಾಷ್ಟ್ರೀಯ ಯೋಜನೆಯೊಂದು ಜಾರಿಗೆ ಬಂದಿತು. ತಿಳಿದವರು ಮೊಟ್ಟೆಯ ಬೆಲೆ ಕೇಳುವ ಮೊದಲು ಹಿಂಡಿನ ಪರೀಕ್ಷೆಯಾಗಿದೆಯೇ ಎಂದು ಕೇಳುತ್ತಾರೆ.

ಏಳನೆಯ ರಾತ್ರಿ ಮನೆಮಂದಿಯೆಲ್ಲ ಕತ್ತಲೆಯ ಕೋಣೆಯಲ್ಲಿ ಸೇರುತ್ತಾರೆ. ಮೊಟ್ಟೆಯ ಹಿಂದೆ ದೀಪ ಹಿಡಿದರೆ, ಬದುಕಿರುವುದರಲ್ಲಿ ಕೆಂಪು ನರಗಳು ಜೇಡನ ಕಾಲುಗಳಂತೆ ಹರಡಿರುತ್ತವೆ. ನಡುವೆ ಕಪ್ಪು ಚುಕ್ಕೆಯೊಂದು ಮಿಸುಕುತ್ತದೆ. ಕೆಲವು ಬರಿದೆ ಹೊಳೆಯುತ್ತವೆ. ಕೆಲವದರಲ್ಲಿ ರಕ್ತದ ಉಂಗುರ ಮಾತ್ರ. ಬದುಕು ಆರಂಭವಾಗಿ ನಿಂತ ಗುರುತು ಅದು. ಅವನ್ನು ತೆಗೆದಿಡುವಾಗ ಮಕ್ಕಳ ಮುಖ ಬಾಡುವುದು ಸಹಜ.

ಹದಿನೆಂಟನೆಯ ದಿನಕ್ಕೆ ಹೊರಳಿಸುವುದು ನಿಲ್ಲುತ್ತದೆ. ಇಪ್ಪತ್ತನೆಯ ದಿನದ ಸುಮಾರಿಗೆ ಮರಿಯು ಕೊಕ್ಕಿನಿಂದ ಗಾಳಿಯ ಕೋಣೆಯನ್ನು ತೂತುಮಾಡಿ ಉಸಿರೆಳೆಯುತ್ತದೆ. ಚಿಪ್ಪು ಇನ್ನೂ ಮುಚ್ಚಿರುವಾಗಲೇ ಒಳಗಿನಿಂದ ಚಿಂವ್ ಚಿಂವ್ ಸದ್ದು ಕೇಳುತ್ತದೆ. ಮರುದಿನ ಒದ್ದೆಮೈಯ ಮರಿಗಳು ಒಂದೊಂದಾಗಿ ಹೊರಬೀಳುತ್ತವೆ. ಹೊಟ್ಟೆಯೊಳಕ್ಕೆ ಸೆಳೆದುಕೊಂಡ ಹಳದಿ ಭಾಗವೇ ಎರಡು ಮೂರು ದಿನದ ಬುತ್ತಿಯಾದುದರಿಂದ ಅವಕ್ಕೆ ಒಡನೆಯೇ ಮೇವು ಬೇಕಿಲ್ಲ. ಈ ಬುತ್ತಿಯ ಬಲದಿಂದಲೇ ೧೯೧೮ರಿಂದ ಅಮೆರಿಕದ ಅಂಚೆಯು ಒಂದು ದಿನದ ಮರಿಗಳನ್ನೂ ಸಾಗಿಸುತ್ತಿದೆ.

ಇಪ್ಪತ್ತೊಂದನೆಯ ದಿನ ಕಳೆದರೂ ತೆರೆಯದ ಮೊಟ್ಟೆಗಳು ಯಂತ್ರದ ಮೂಲೆಯಲ್ಲಿ ಉಳಿದಿರುತ್ತವೆ. ಬಹಳ ದಿನ ತಂಪಿನಲ್ಲಿ ಮಲಗಿದ್ದ ಮೊಟ್ಟೆಗಳು ಏಳುವುದೂ ಕೊಂಚ ತಡವೇ. ಅದನ್ನು ಬಲ್ಲವರು ಇನ್ನೆರಡು ದಿನ ಯಂತ್ರವನ್ನು ಆರಿಸುವುದಿಲ್ಲ.